ಭರಮಮ್ಮ ಮುಖ ತೋರಿಸಿದ್ದು

ಕಂಪ್ಲಿಯ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ನೆಲ್ಲು ಹರವುವ ಕೆಲಸ ಭರಮಮ್ಮನದು. ಹದಿಮೂರನೆಯ ವಯಸ್ಸಿನಲ್ಲಿ, ಮನೆಗೆಲಸ ಕೊಡಿಸುತ್ತೇನೆಂದು ಸೋದರಮಾವನೇ ಅವಳನ್ನು ಸಂಡೂರಿನಿಂದ ಕರೆತಂದು ಹೊಸಪೇಟೆಯ ಒಂದು ಮನೆಗೆ ಮಾರಿದ್ದ. ಅಲ್ಲಿಂದ ತಪ್ಪಿಸಿಕೊಳ್ಳಲು ಆರು ವರ್ಷ ಹಿಡಿಯಿತು. ಆಮೇಲಿನ ಇಪ್ಪತ್ತೈದು ವರ್ಷಗಳಲ್ಲಿ ಆ ಮಾತನ್ನು ಅವಳು ಯಾರ ಹತ್ತಿರವೂ ಎತ್ತಿರಲಿಲ್ಲ.

ವೇಶ್ಯಾವಾಟಿಕೆಗೆ ದೂಡಲ್ಪಟ್ಟ ಎಳೆಯ ಹುಡುಗಿಯರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದ ಸುಕನ್ಯಾ, ಆ ಮನೆಯಲ್ಲಿ ಜೊತೆಗಿದ್ದವಳೊಬ್ಬಳಿಂದ ವಿಳಾಸ ಪಡೆದು ಹುಡುಕಿಕೊಂಡು ಬಂದಳು. ಎರಡು ದಿನ ಭರಮಮ್ಮ ಬರೀ ಚಹಾ ಮಾಡಿಕೊಟ್ಟು ಕಳಿಸಿದಳು. ಮೂರನೆಯ ದಿನ ಹೇಳುತ್ತೇನೆಂದಳು. ಸುಕನ್ಯಾ ಅವಳನ್ನು ಬೆಳಕಿಗೆ ಬೆನ್ನು ಮಾಡಿ ಕೂರಿಸಿ, ಮುಖ ಕಾಣಿಸುವುದಿಲ್ಲ, ದನಿಯನ್ನೂ ಬದಲಿಸುತ್ತೇವೆ ಎಂದು ಭರವಸೆ ಕೊಟ್ಟಳು.

ಭರಮಮ್ಮ ಎದ್ದು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

“ಮುಖ ಯಾಕ್ ಮುಚ್ಚಲಿ, ಮೇಡಮ್? ನಾನೇನ್ ಕಳುವು ಮಾಡೀನೇನ್ರಿ?”

ಮುಂದೆ ಏನಾಗಬಹುದೆಂದು ಸುಕನ್ಯಾ ಬಿಡಿಸಿ ಹೇಳಿದರೂ ಅವಳು ಪಟ್ಟು ಬಿಡಲಿಲ್ಲ. ಮಾವನ ಹೆಸರು, ಊರು, ಮನೆ ನಡೆಸುತ್ತಿದ್ದವಳ ಹೆಸರು, ಎಲ್ಲವನ್ನೂ ಹೇಳಿದಳು.

ಚಿತ್ರವನ್ನು ಹೊಸಪೇಟೆಯ ಸಣ್ಣ ಸಭಾಂಗಣದಲ್ಲಿ ತೋರಿಸಿದರು. ವಾರದೊಳಗೆ ಅದರ ತುಣುಕು ಗಿರಣಿಯವರ ಮೊಬೈಲಿಗೂ ಬಂತು. ಅವಳನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಕೆಟ್ಟ ಮಾತೂ ಆಡಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಮಾತ್ರ ಹೆಂಗಸರು ಗೋದಾಮಿನ ಆಚೆ ಬದಿಗೆ ಹೋಗತೊಡಗಿದರು. ಹತ್ತು ವರ್ಷ ಅವಳ ಜೊತೆ ಪಲ್ಯ ಹಂಚಿಕೊಂಡು ಉಂಡಿದ್ದ ಹಂಪಮ್ಮ, ಮಗಳಿಗೆ ಗಂಡು ನೋಡುತ್ತಿರುವುದಾಗಿ ತಲೆ ತಗ್ಗಿಸಿ ಹೇಳಿ ಸರಿದುಹೋದಳು. ಸಂಡೂರಿನ ತಮ್ಮ ಫೋನ್ ಎತ್ತುವುದನ್ನೇ ಬಿಟ್ಟ.

ಎರಡು ತಿಂಗಳ ಮೇಲೆ ಸುಕನ್ಯಾ ಫೋನ್ ಮಾಡಿದಳು. ಭರಮಮ್ಮ ಹೇಳಿದ ಹೆಸರುಗಳ ಜಾಡು ಹಿಡಿದು ಪೊಲೀಸರು ಮರಿಯಮ್ಮನಹಳ್ಳಿ ಹತ್ತಿರದ ಮನೆಯೊಂದರಿಂದ ಇಬ್ಬರು ಹುಡುಗಿಯರನ್ನು ಬಿಡಿಸಿದ್ದರು. ಆ ಮನೆ ನಡೆಸುತ್ತಿದ್ದವನು ಅವಳ ಮಾವನ ಮಗ. ಅವನೀಗ ಜೈಲಿನಲ್ಲಿದ್ದ.

ಮರುದಿನವೇ ರಜೆ ಹಾಕಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಭರಮಮ್ಮ ಆ ಹುಡುಗಿಯರಿದ್ದ ಹೊಸಪೇಟೆಯ ಬಾಲಮಂದಿರಕ್ಕೆ ಹೋದಳು. ಅಲ್ಲಿನ ಅಧಿಕಾರಿ ಮರ್ಯಾದೆಯಿಂದ ಕೂರಿಸಿ, ಹೊರಗಿನವರು ಮಕ್ಕಳನ್ನು ನೋಡುವಂತಿಲ್ಲ ಎಂದರು. ಹೋಳಿಗೆ ತೆಗೆದುಕೊಂಡು, ಯಾರು ಕೊಟ್ಟರೆಂದು ಹೇಳಲಿ ಎಂದು ಕೇಳಿದರು. ಭರಮಮ್ಮ ಖಾಲಿ ಚೀಲ ಮಡಚಿಕೊಂಡು ಎದ್ದಳು.

“ಹೆಸರು ಬ್ಯಾಡ್ರಿ. ನಿಮ್ದೇನ್ ತಪ್ಪಿಲ್ಲ ಅಂತ ಒಬ್ಬಾಕಿ ಹೇಳ್ಯಾಳ ಅನ್ರಿ, ಸಾಕು. ನನಗ ಯಾರೂ ಹೇಳಿರ್ಲಿಲ್ಲ.”

ಒಳಗೆಲ್ಲೋ ಹುಡುಗಿಯರು ಪಾಠ ಓದುವ ದನಿ ಕೇಳುತ್ತಿತ್ತು. ಅದನ್ನು ಒಂದಿಷ್ಟು ಹೊತ್ತು ನಿಂತು ಕೇಳಿ, ಬಸ್ ನಿಲ್ದಾಣಕ್ಕೆ ನಡೆದಳು. ಕಂಪ್ಲಿಯ ಬಸ್ಸಿನಲ್ಲಿ ಕಮಲಾಪುರದವರೆಗೂ ನಿಂತೇ ಹೋಗಬೇಕಾಯಿತು. ಸೀಟು ಸಿಕ್ಕ ಮೇಲೆ ಕಿಟಕಿಗೆ ತಲೆಯಾನಿಸಿ ಕೂತಳು. ಇವತ್ತಿನ ವಿಷಯ ಯಾರಿಗಾದರೂ ಹೇಳಬೇಕೆನಿಸಿತು. ಹೇಳುವುದಕ್ಕೆ ಯಾರೂ ಇರಲಿಲ್ಲ.