ನೋವಿಗೆ ಮಾತ್ರ

—ರವೆ ಹುರಿಯುವ ವಾಸನೆ, ಅದರ ಹಿಂದೆಯೇ ಬಾಳೆಹಣ್ಣಿನದು, ಪರಮೇಶ್ವರಿ ಅಡಿಗೆಮನೆಯಲ್ಲಿ ಏನೋ ಗುನುಗುತ್ತಿದ್ದಾಳೆ, ಗಂಡನಿಗೆ, ಅಂದರೆ ನನಗೆ, ಗುಣವಾಯಿತೆಂದು ಇವತ್ತು ಸತ್ಯನಾರಾಯಣ ವ್ರತ, ಸತ್ಯನಾರಾಯಣ! ಇಡೀ ಹೊನ್ನಾವರದಲ್ಲಿ ಸತ್ಯ ಬಲ್ಲವರು ಇಬ್ಬರೇ, ಮಗ ಶಾಂತಾರಾಮ ಮತ್ತು ನಾನು, ನಾನು ಬಲ್ಲೆನೆಂಬುದು ಅವನಿಗೆ ಗೊತ್ತಿಲ್ಲ — ಅಗೋ, ಬೆನ್ನಿನ ನಡುವೆ ಮತ್ತೆ, ಹಲ್ಲುನೋವು ಇಳಿದು ಬೆನ್ನಲ್ಲಿ ಕೂತ ಹಾಗೆ, ನಿನ್ನೆಯಿಂದ, ಸೊಂಟವಲ್ಲ, ಸೊಂಟ ಈಗ ಸಾಧು, ಮುಂಬಯಿಯಲ್ಲಿ ಆ ಯಂತ್ರದ ಕೆಳಗೆ ಮಲಗಿಸಿ ಕಿರಣ ಬಿಟ್ಟರು, ಬಿಸಿಯಿಲ್ಲ, ಬೆಳಕೂ ಇಲ್ಲ, ಬರೀ ಒಂದು ಗುಂಯ್, ಇದೆಂಥ ಕಿರಣವೋ, ಆದರೆ ಊರಿಗೆ ಬಂದ ಕೆಲವು ವಾರಕ್ಕೆ, ಮಗ್ಗುಲು ಬದಲಿಸಿದರೆ ಕಿರುಚುತ್ತಿದ್ದ ಮುದುಕ ತಾನೇ ಎದ್ದು ಬಾವಿಕಟ್ಟೆಗೆ ನಡೆದ, ಪರಮೇಶ್ವರಿ ನಿಂತಲ್ಲೇ ಕೈಮುಗಿದಳು, ಕಿರಣಕ್ಕಲ್ಲ, ದೇವರಿಗೆ, ಮಾಬ್ಲೇಶ್ವರ ಭಾವ ಬಂದು ಭುಜ ತಟ್ಟಿ, ಎಂತದೋ ಮಾಸ್ತರ, ಕ್ಯಾನ್ಸರೂ ನಿನ್ನ ಬೆತ್ತಕ್ಕೆ ಹೆದ್ರಿ ಓಡಿಹೋತಲೋ — ಓಡಲಿಲ್ಲ ಭಾವ, ಅದು ಬೆಂಚು ಬದಲಿಸಿತು, ಅಷ್ಟೆ. ಮುಂಬಯಿಯ ಆಸ್ಪತ್ರೆಯಲ್ಲಿ ಪರದೆಯ ಆಚೆ ಆ ಡಾಕ್ಟರು ಶಾಂತಾರಾಮನಿಗೆ ಹೇಳಿದ್ದು ಕೇಳಿದ್ದೇನೆ, ನನಗೆ ನಿದ್ದೆ ಬಂದಿದೆಯೆಂದುಕೊಂಡು, ಮೂಗಿನಿಂದಿಳಿಯುವ ಪುಣೆಯ ಇಂಗ್ಲಿಷು, ಓನ್ಲಿ ದಿ ಪೇನ್, ಮಿಸ್ಟರ್ ಹೆಗಡೆ, ನಾಟ್ ದಿ ಡಿಸೀಸ್, ನೋವಿಗೆ ಮಾತ್ರ, ರೋಗಕ್ಕಲ್ಲ, ಬೇರೆ ಎಲುಬು ನೋಯತೊಡಗಿದರೆ ತಡಮಾಡದೆ ಕರೆತನ್ನಿ, ಅಲ್ಲಿಗೂ ಕಿರಣ ಕೊಟ್ಟು ನೋವು ಇಳಿಸಬಹುದು — ಶಾಂತಾರಾಮ ಮುಖ ಒರೆಸಿಕೊಂಡು ಒಳಬಂದ, ಅಪ್ಪಯ್ಯ, ಪೂರ್ತಿ ಗುಣ ಆತಡ, ಇನ್ನು ಬಪ್ಪದು ಬ್ಯಾಡ್ದಡ. ಗುಣವಂತೆ, ಮತ್ತೆ ಬರುವುದೇ ಬೇಡವಂತೆ! ಜೀವಮಾನವಿಡೀ ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿದವನ ಮಗನ ಭಾಷಾಂತರ ಇದು, ಕೆಂಪು ಮಸಿ ಎಲ್ಲಿ — ಪ್ರೀತಿಯಿಂದಲೇ ಹೇಳಿದ್ದಾನೆ, ಗೊತ್ತು, ಆದರೆ ಪ್ರೀತಿ ಅವನದು, ಬೆನ್ನು ನನ್ನದು.

ಅಳಿವೆಯ ಆಚೆ ಮುಂಬಯಿಯ ಸ್ಟೀಮರು ಕೂಗಿತು, ಯುದ್ಧ ಮುಗಿದ ಮೇಲೆ ಮತ್ತೆ ಶುರುವಾದದ್ದು, ಮಳೆಗಾಲಕ್ಕೆ ಮೊದಲು ಇದೇ ಕೊನೆ, ಇನ್ನು ಬಂದರು ತೆರೆಯುವುದು ನವರಾತ್ರಿಯ ಹೊತ್ತಿಗೆ, ಘಟ್ಟದ ಬಸ್ಸಿನಲ್ಲಿ ಕುಲುಕಿಕೊಂಡು ಈ ಬೆನ್ನು ಹುಬ್ಬಳ್ಳಿಯ ರೈಲು ಮುಟ್ಟಲಾರದು, ಈಗಲೇ ಹೇಳಬೇಕು, ಹೇಳಿದರೆ ಅವಳ ಗುನುಗು ನಿಲ್ಲುತ್ತದೆ, ಹೇಳದಿದ್ದರೆ ಮಳೆಗಾಲವಿಡೀ ನನ್ನ ಕಿರುಚಾಟ ಕೇಳಬೇಕಾದವಳೂ ಅವಳೇ — ಇಬ್ಬರೂ ಬಂದರು, ಅವಳ ಕೈಯಲ್ಲಿ ಹೂವಿನ ತಟ್ಟೆ, ಅವನು ಮಡಿ ಉಟ್ಟು, ಅಪ್ಪಯ್ಯ, ಭಟ್ರು ಬಂದ, ಏಳ್ತ್ಯ? ನಾನು ಏಳಲಿಲ್ಲ, ಅವಳಿಗೆ ತಿಳಿಯದ ಭಾಷೆಯಲ್ಲಿ ಅವನೊಬ್ಬನಿಗೇ ಹೇಳಿದರಾಯಿತು, ನನ್ನ ಸ್ವರದಲ್ಲಿ ಹೇಳಲು ಬಾಯಿ ಬಾರದು, ಆ ಡಾಕ್ಟರ ಮೂಗನ್ನೇ ಎರವಲು ತಂದೆ, ಓನ್ಲಿ ದಿ ಪೇನ್, ಮಿಸ್ಟರ್ ಹೆಗಡೆ, ನಾಟ್ ದಿ ಡಿಸೀಸ್, ಬೆನ್ನಿಗೆ ಬೆರಳು ತೋರಿಸಿ, ದಿ ಸ್ಪೈನ್ ನೌ, ಟುಡೇಸ್ ಸ್ಟೀಮರ್ — ಶಾಂತಾರಾಮನ ಮುಖದಲ್ಲಿ ರಕ್ತವೇ ಇಲ್ಲ, ಸರಿ, ತಿಳಿಯಿತು, ಈಗ ಸ್ಟೀಮರು ಮುಟ್ಟಿಸುವ ದೋಣಿ ಗೊತ್ತುಮಾಡಲು ಓಡುತ್ತಾನೆ — ಪರಮೇಶ್ವರಿ ನಕ್ಕಳು. ತಗ, ಮತ್ತೆ ಶುರು ಆತು ಇವ್ರ ಹಳೇ ಅಣಕ, ಇದು ಯಾರ ವೇಷ್ವೋ, ಶಾಂತಾ, ಗುಣ ಆದ್ದಕ್ಕೆ ಇನ್ನೆಂತ ಸಾಕ್ಷಿ ಬೇಕೋ — ಕಳೆದ ದೀಪಾವಳಿಯಿಂದ ನಗದವಳು ತಟ್ಟೆಯ ಹೂವು ಚೆಲ್ಲುವಷ್ಟು ನಕ್ಕಳು, ಶಾಂತಾರಾಮ ಅವಳನ್ನು ನೋಡಿದ, ನನ್ನನ್ನು ನೋಡಿದ, ಬಾಯಿ ತೆರೆದ, ಹೇಳು, ಹೇಳೋ ಮಗನೆ — ನಕ್ಕ. ಸ್ಟೀಮರು ಎರಡನೆಯ ಸಲ ಕೂಗಿತು, ಶಾಂತಾ, ಅಂದೆ, ನನ್ನ ಸ್ವರದಲ್ಲೇ ಅಂದೆ, ಅವನು ಇನ್ನೂ ಜೋರಾಗಿ ನಕ್ಕ, ಕಣ್ಣಿನಿಂದ ನೀರು ಇಳಿಯುತ್ತಿದೆ, ಬಾಯಿ ನಗುತ್ತಿದೆ, ಹಲ್ಲಷ್ಟೂ ಕಾಣುವ ಬಾಯಿ, ದವಡೆ ಬಿಗಿದು ಸದ್ದೂ ನಿಂತುಹೋದ ಬಾಯಿ, ಹೇಳುತ್ತಲೂ ಇಲ್ಲ, ಮುಚ್ಚುತ್ತಲೂ ಇಲ್ಲ, ಆ ಬಾಯಿ, ತೆರೆದೇ ಇರುವ ಆ ಬಾಯಿ —