ಹಳೇ ಕಾರ್ಡಿನ ಕೊಳಲು

"ಅಮ್ಮಾ, ಇದನ್ನ ಸಿಕ್ಕಿಸೋ ಜಾಗಾನೇ ಈಗಿನ ಕಂಪ್ಯೂಟರಿನಲ್ಲಿ ಇಲ್ವಲ್ಲ!" ರಿಪೇರಿ ಅಂಗಡಿಯ ಹುಡುಗಿ ಹಳೆಯ ಕಂಪ್ಯೂಟರಿನ ಹಸಿರು ಸೌಂಡ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ ಹೆಂಗಸಿಗೆ ಇದು ಮೂರನೆಯ ಅಂಗಡಿ.

"ಎಲ್ಲರೂ ಹಾಗೇ ಅಂದ್ರು. ಹಾಡು ಹೊಸ ಕಂಪ್ಯೂಟರಿನಲ್ಲೂ ಬರತ್ತಮ್ಮ. ಬಂದ್ರೂ ಅದು ಅದಲ್ಲ ಅಂತಾರೆ ನಮ್ಮನೆಯವರು."

"ನಿಮಗೂ ಹಾಗೇ ಕೇಳಿಸತ್ತಾ?"

ಅಲ್ಲೇ ಇತ್ತು ಗಂಟು. ಕಾರ್ಡು ತಂದವಳ ಗಂಡ ಸೂತ್ರದ ಗೊಂಬೆ ಆಡಿಸುವವರು. ಪರದೆಯ ಪಕ್ಕ ಕೂತು ಹಾಡು ಹಾಕುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದಾಗಿನಿಂದ ಅಜ್ಜಿಗೊಂಬೆ ಕುರ್ಚಿಯ ಮೇಲೆ ಕೂರುವ ಬದಲು ಕುರ್ಚಿಯ ಪಕ್ಕ ಕೂರತೊಡಗಿತ್ತು. ನೋಡುವ ಮಕ್ಕಳು ನಕ್ಕರು. ಗಂಡ ನಗಲಿಲ್ಲ. "ನನ್ನ ಕೈ ಅಲ್ಲ ಕಣೇ, ಕೊಳಲು ಅವಸರ ಮಾಡ್ತಿದೆ. ಶನಿವಾರದ ಆಟದಲ್ಲೂ ಹೀಗಾದ್ರೆ ಗೊಂಬೆಗಳನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ" ಎಂದಿದ್ದರು. ಅವಳಿಗೋ ಎರಡು ಕೊಳಲೂ ಒಂದೇ. ಕಾರ್ಡು ಸರಿಹೋಗಲಿ ಎಂದು ಅಲೆಯುತ್ತಿದ್ದವಳಿಗೆ, ಸರಿಹೋದ ಮೇಲೂ ಅಜ್ಜಿ ನೆಲದ ಮೇಲೇ ಕೂತರೆ ಎಂಬ ಅಳುಕು. ಆಗ ದೂರಲು ಗಂಡನ ಕೈಯೊಂದೇ ಉಳಿಯುತ್ತದೆ.

"ನಿಮ್ಮ ಫೈಲಿನಲ್ಲಿ ಹಾಡೇ ಇಲ್ಲಮ್ಮ" ಎಂದಳು ಹುಡುಗಿ. "ಯಾವ ಸ್ವರ, ಎಷ್ಟು ಹೊತ್ತು ಅಂತ ಬರೆದ ಚೀಟಿ ಅಷ್ಟೇ. ಓದಿ ನುಡಿಸೋದು ಈ ಕಾರ್ಡು."

"ಅಂದ್ರೆ ಅಡುಗೆ ಅದೇ, ಮಾಡೋ ಕೈ ಬೇರೆ?"

"ಸರಿಹೋಯ್ತು! ನಾಳೆಯಿಂದ ನೀವೇ ಅಂಗಡಿ ನೋಡ್ಕೊಳ್ಳಿ."

ಕಾರ್ಡಿನ ಬೆನ್ನಿಗೆ ಅಂಟಿಕೊಂಡಿದ್ದ ಪುಟ್ಟ ಸರ್ಕ್ಯೂಟ್ ಹಲಗೆಯನ್ನು ಹುಡುಗಿ ಮೆಲ್ಲಗೆ ಬಿಡಿಸಿದಳು. ನುಡಿಸುವುದೆಲ್ಲ ಅದೇ ಅಂತೆ. ಅದನ್ನೊಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಕಂಪ್ಯೂಟರಿಗೆ ಹೊರಗಿನಿಂದಲೇ ಚುಚ್ಚುವ ವೈರು ಜೋಡಿಸಿ ಕೊಟ್ಟಳು.

ಶುಕ್ರವಾರ ಸಂಜೆ ನಡುಮನೆಯಲ್ಲಿ ಡಬ್ಬಿಯಿಂದ ಕೊಳಲು ಹೊರಟಿದ್ದೇ ತಡ, ಗಂಡನ ಮುಖ ಅರಳಿತು. "ಇದೇ! ಇದೇ ಕಣೇ!" ಅಜ್ಜಿ ಕೋಲೂರಿಕೊಂಡು ನಡೆದಳು, ತಿರುಗಿದಳು, ಮಂಡಿ ಬಗ್ಗಿಸಿದಳು. ಕುರ್ಚಿಗೆ ನಾಲ್ಕು ಬೆರಳು ಆಚೆ, ನೆಲದ ಮೇಲೆ ಕೂತಳು.

ಗಂಡ ಸಿಕ್ಕಾಗದ ದಾರವೊಂದನ್ನು ಬಿಡಿಸುತ್ತ ನಿಂತರು. ತೋರುಬೆರಳಿಗೆ ದಾರ ಎರಡು ಸಲ ಸಿಕ್ಕಿ ಜಾರಿತು.

"ವೈರು ಸರಿಯಾಗಿ ಕೂತಿಲ್ವೇನೋ" ಎಂದರು ಕೊನೆಗೆ.

"ಇರಿ, ನೋಡ್ತೀನಿ."

ವೈರು ಭದ್ರವಾಗಿಯೇ ಇತ್ತು. ಅವಳು ಕಂಪ್ಯೂಟರಿನ ಪರದೆ ನೋಡಿದಳು. ಹಾಡಿನ ಹೆಸರಿನ ಪಕ್ಕ ಅದರ ವೇಗ, ತೊಂಬತ್ತಾರು. ಇಷ್ಟು ವರ್ಷ ಯಾರೂ ಮುಟ್ಟದ ಅಂಕಿ. ಒಮ್ಮೆ ಗಂಡನ ಬೆನ್ನು ನೋಡಿ ಅದನ್ನು ಎಂಬತ್ತೆಂಟು ಮಾಡಿದಳು. ವೈರನ್ನೂ ಸದ್ದಾಗುವಂತೆ ಒಮ್ಮೆ ಎಳೆದು ಚುಚ್ಚಿದಳು.

"ಆಯ್ತಾ?"

"ಹ್ಞೂಂ, ಹಾಕ್ದೆ."

ಕೊಳಲು ಅದೇ ಸ್ವರದಲ್ಲಿ, ಸ್ವಲ್ಪ ನಿಧಾನವಾಗಿ ಬಂತು. ಅಜ್ಜಿ ನಡೆದಳು, ತಿರುಗಿದಳು, ಕುರ್ಚಿಯನ್ನು ಹುಡುಕುವವಳಂತೆ ಒಂದು ಗಳಿಗೆ ನಿಂತು, ನಟ್ಟನಡುವೆ ಕೂತಳು.

"ನೋಡಿದ್ಯಾ? ವೈರೇ ಅಂತ ಬಡ್ಕೊಂಡೆ!"

"ಹೌದ್ರೀ, ವೈರೇ."

ಅವರು ಕಂಪ್ಯೂಟರಿನ ಕಡೆ ಒಮ್ಮೆ ನೋಡಿ, ದಾರಗಳನ್ನು ಹಿಡಿದೇ ನಿಂತರು. ನೆಲಕ್ಕೆಟುಕದ ಅಜ್ಜಿಯ ಮರದ ಪಾದಗಳೆರಡೂ ಹಾಡು ಮುಗಿದ ಮೇಲೂ ಮೆಲ್ಲಗೆ ತೂಗುತ್ತಿದ್ದವು.