ಕಪ್ಪು ಚೀಟಿ

ಆಸ್ಪತ್ರೆಯ ಕ್ಯಾಂಟೀನಿನ ಮೂಲೆಯಲ್ಲಿ, ಕೈ ತೊಳೆಯುವ ನಲ್ಲಿಯ ಪಕ್ಕದ ಮೇಜಿನಲ್ಲಿ, ಜೋಯಿಸ ಎಂಬ ಅಡ್ಡಹೆಸರಿನ ಡಾಕ್ಟರು ದಿನಾ ಊಟದ ಹೊತ್ತಿಗೆ ದರ್ಬಾರು ನಡೆಸುತ್ತಿದ್ದ. ವೈದ್ಯ ಪದವಿ ಮುಗಿಸಿದವರು ತಜ್ಞರಾಗಬೇಕಾದರೆ ರೆಸಿಡೆನ್ಸಿ ಸೀಟಿಗೆ ಅರ್ಜಿ ಹಾಕಬೇಕು; ಯಾರ ಅರ್ಜಿ ಎಷ್ಟು ತೂಗುತ್ತದೆ ಎಂದು ಹೇಳುವುದು ಜೋಯಿಸನ ಕಸುಬು. ಈ ವಿದ್ಯೆಯಲ್ಲಿ ಅವನಷ್ಟು ಪಳಗಿದವರು ಇನ್ನೊಬ್ಬರಿಲ್ಲ. ಸ್ವತಃ ಎರಡು ಸಲ ಅರ್ಜಿ ಹಾಕಿ, ಎರಡು ಸಲವೂ ಸೀಟು ಸಿಗದೆ ಬರಿಗೈಯಲ್ಲಿ ಬಂದವನು. ಇದಕ್ಕಿಂತ ದೊಡ್ಡ ಅರ್ಹತೆ ಬೇಕೆ?

ಅವನ ತೀರ್ಪು ಬಣ್ಣದಲ್ಲಿ ಬರುತ್ತಿತ್ತು. ಎಲ್ಲೋ ಬಸ್ಸು ಮಗುಚಿ ಗಾಯಾಳುಗಳು ಒಟ್ಟಿಗೆ ಬಂದು ಬಿದ್ದಾಗ ತುರ್ತು ವಿಭಾಗದಲ್ಲಿ ಒಬ್ಬೊಬ್ಬರ ಕೈಗೂ ಬಣ್ಣದ ಚೀಟಿ ಕಟ್ಟುತ್ತಾರಲ್ಲ, ಅದೇ ಲೆಕ್ಕ. ಹಸಿರು ಎಂದರೆ ಚಿಂತೆಯಿಲ್ಲ, ಕಪ್ಪು ಎಂದರೆ ಕೈಬಿಟ್ಟ ಕೇಸು. ಹಸಿರು ಬಿದ್ದವರು ಸೀಟು ಸಿಕ್ಕೇಬಿಟ್ಟಿತೆಂದು ಎಲ್ಲರಿಗೂ ಕಾಫಿ ಕೊಡಿಸುತ್ತಿದ್ದರು. ಕಪ್ಪು ಬಿದ್ದವರು ಅರ್ಧ ಉಂಡ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದರು.

ಎಲ್ಲರೂ ಪ್ಲಾಸ್ಟರಮ್ಮ ಎಂದು ಕರೆಯುತ್ತಿದ್ದ ಕಿರಿಯ ಡಾಕ್ಟರೂ ಒಂದು ದಿನ ಆ ಮೇಜಿಗೆ ಬಂದಳು. ಮುರಿದ ಮೂಳೆ ಕಂಡರೆ ಉಳಿದ ಕಿರಿಯ ಡಾಕ್ಟರುಗಳು ಮುಖ ಹಿಂಡುವಾಗ, ತೋಳೇರಿಸಿ ಮುಂದೆ ಬರುವವಳು ಇವಳೊಬ್ಬಳೇ. ಅವಳ ಬಿಳಿ ಕೋಟಿನ ಜೇಬು ಕೊಡವಿದರೆ ಪ್ಲಾಸ್ಟರಿನ ಪುಡಿ ಉದುರುತ್ತಿತ್ತು. ಅವಳಿಗೆ ಬೇಕಿದ್ದದ್ದು ಇದೇ ಆಸ್ಪತ್ರೆಯ ಮೂಳೆ ವಿಭಾಗ. ಅಲ್ಲಿದ್ದದ್ದು ಎರಡೇ ಸೀಟು.

ಧೈರ್ಯಕ್ಕೇನೂ ಅವಳಲ್ಲಿ ಬರವಿರಲಿಲ್ಲ. ಕಳೆದ ಸಲ ಬಸ್ಸು ಮಗುಚಿದಾಗ ಒಬ್ಬ ಹೊಸ ಡಾಕ್ಟರು, ಮಿಸುಕಾಡದೆ ಮಲಗಿದ್ದ ಮುದುಕನ ಕೈಗೆ ಕಪ್ಪು ಚೀಟಿ ಕಟ್ಟಲು ಹೋಗಿದ್ದ. ಪ್ಲಾಸ್ಟರಮ್ಮ ಅವನ ಮುಂಗೈ ಹಿಡಿದು ಎಲ್ಲರೆದುರು ಝಾಡಿಸಿದ್ದಳು.

"ಕಪ್ಪು ಚೀಟಿ ಕಟ್ಟೋಕೆ ನೀನ್ಯಾರಪ್ಪ? ದೊಡ್ಡ ಡಾಕ್ಟರು ಬಂದು ನೋಡದೆ ಯಾರೂ ಕಟ್ಟೋ ಹಾಗಿಲ್ಲ."

ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ ಮೂಳೆ ವಿಭಾಗದ ಮುಖ್ಯಸ್ಥರು ಕೈಗವಸು ಹಾಕಿಕೊಂಡು ಮುದುಕನ ಬಳಿ ಬಂದರು. ಮುದುಕ ಬದುಕಿದ. ಈಗಲೂ ತಪಾಸಣೆಗೆ ಬಂದಾಗಲೆಲ್ಲ, ಕ್ಯಾಂಟೀನಿನ ಚಹಾ ಬರೀ ನೀರು ಎಂದು ಬಯ್ದು ಹೋಗುತ್ತಾನೆ.

ಇಂಥವಳು ಜೋಯಿಸನ ಮುಂದೆ ನೆನೆದ ಬೆಕ್ಕಿನಂತೆ ಕೂತಳು.

"ಅಂಕ?" ಎಂದ. ಹೇಳಿದಳು.

"ಸಾಧಾರಣ. ಪ್ರಕಟವಾದ ಸಂಶೋಧನೆ?"

"ಒಂದಿದೆ. ಮಕ್ಕಳ ಮೊಣಕೈ ಮುರಿತದ ಬಗ್ಗೆ."

"ಒಂದು," ಎಂದ ಜೋಯಿಸ, ಅನ್ನದಲ್ಲಿ ಕಲ್ಲು ಸಿಕ್ಕವರ ಹಾಗೆ. "ಮನೇಲಿ ಯಾರಾದ್ರೂ ಡಾಕ್ಟರು?"

"ಇಲ್ಲ. ಅಮ್ಮ ಅಂಚೆ ಕಚೇರೀಲಿದ್ರು."

"ಹಾಗಾದ್ರೆ ಅರ್ಜಿ ಬೇಗ ತಲುಪುತ್ತೆ, ಅಷ್ಟೆ. ನೋಡು, ಆ ಎರಡು ಸೀಟಿಗೆ ಘಟಾನುಘಟಿಗಳು ಬರ್ತಾರೆ. ನಿಂದು ಕಪ್ಪು. ಬೇಜಾರು ಮಾಡ್ಕೋಬೇಡ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಲ್ಯಾಬ್ ವಿಭಾಗಕ್ಕೆ ಹಾಕು, ಅಲ್ಲಿ ಹಸಿರು."

ಆ ಘಟಾನುಘಟಿಗಳಿಗೂ ಅದೇ ಮೇಜಿನಲ್ಲಿ ಅದೇ ಬಣ್ಣ ಸಿಕ್ಕಿದ್ದು ಅವಳಿಗೆ ಗೊತ್ತಿರಲಿಲ್ಲ. ಚಿನ್ನದ ಪದಕ ಗೆದ್ದವನಿಗೆ, "ಪ್ಲಾಸ್ಟರಮ್ಮ ಹಾಕ್ತಾಳೆ, ನಿನಗೆ ಕಷ್ಟ" ಎಂದು ಹಿಂದಿನ ದಿನವಷ್ಟೇ ಹೇಳಿ ಕಳಿಸಿದ್ದ. ಮಹಾನುಭಾವ, ಯಾರಿಗೂ ಭೇದ ಮಾಡುವವನಲ್ಲ.

ಮನೆಯಲ್ಲಿ ಅಮ್ಮ ಬಟ್ಟೆ ಮಡಚುತ್ತ ಎಲ್ಲ ಕೇಳಿಸಿಕೊಂಡರು.

"ಅಲ್ವೇ, ಅಷ್ಟೆಲ್ಲ ಗೊತ್ತಿರೋನು ತಾನ್ಯಾಕೆ ಇನ್ನೂ ಕ್ಯಾಂಟೀನಲ್ಲಿ ಕೂತಿದಾನೆ?"

"ಅದು ಅನುಭವ, ಅಮ್ಮ."

"ಹಾಕಿ ನೋಡೋಕೆ ಏನು ರೋಗ ನಿನಗೆ?"

"ಬೇಡ ಅಂದ್ರೆ ಇಡೀ ಆಸ್ಪತ್ರೆ ನಗುತ್ತೆ."

"ನಗಲಿ ಬಿಡು. ನಮ್ಮ ಗಂಟೇನು ಹೋಗುತ್ತೆ?"

ಅಮ್ಮಂದಿರಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತದೆ ಎಂದು ಮಗಳು ಕೋಣೆಗೆ ಹೋಗಿ ಕಂಪ್ಯೂಟರ್ ತೆಗೆದಳು. ಅರ್ಜಿಯಲ್ಲಿ ಮೂಳೆ ವಿಭಾಗದ ಚೌಕಕ್ಕೆ ಹಾಕಿದ್ದ ಗುರುತನ್ನು ತಾನೇ ಅಳಿಸಿ, ಲ್ಯಾಬಿನ ಚೌಕಕ್ಕೆ ಹಾಕಿದಳು. 'ಖಚಿತವೇ?' ಎಂದು ಕಂಪ್ಯೂಟರ್ ಕೇಳಿತು. ಪಾಪ, ಅದಕ್ಕೂ ಅನುಮಾನ ಬಂದಿತ್ತು. ಖಚಿತ ಎಂದು ಒತ್ತಿದಳು. ಅವತ್ತು ಊಟ ಸೇರಲಿಲ್ಲ.

ಫಲಿತಾಂಶ ಬಂತು. ಅವಳಿಗೆ ಲ್ಯಾಬು ಸಿಕ್ಕಿತು. "ಹಸಿರು ಅಂದಿದ್ನೋ ಇಲ್ವೋ?" ಎಂದು ಜೋಯಿಸ ಮೇಜು ಕುಟ್ಟಿದ. ಅವನ ಕೀರ್ತಿ ಇನ್ನಷ್ಟು ಏರಿತು.

ಮೂಳೆ ವಿಭಾಗದ ಒಂದು ಸೀಟು ಕುಂಭಕರ್ಣನಿಗೆ ಹೋಗಿತ್ತು. ಕೂತಲ್ಲಿ ನಿಂತಲ್ಲಿ ನಿದ್ದೆ ಹೊಡೆಯುವ ಆಸಾಮಿಗೆ ಊಟದ ಹೊತ್ತಿನಲ್ಲಿ ಎಚ್ಚರವೇ ಇರುತ್ತಿರಲಿಲ್ಲವಾಗಿ, ಜೋಯಿಸನ ದರ್ಶನ ತಪ್ಪಿಹೋಗಿತ್ತು. ಕೊನೆಯ ದಿನ ದಡಬಡಿಸಿ ಎದ್ದು, ಓದಲೂ ಪುರುಸೊತ್ತಿಲ್ಲದೆ, ಕಂಡ ಕಂಡ ಚೌಕಕ್ಕೆಲ್ಲ ಗುರುತು ಹಾಕಿದ್ದ. ಇಡೀ ತಂಡದಲ್ಲಿ ಮೂಳೆ ವಿಭಾಗಕ್ಕೆ ಬಂದದ್ದು ಅದೊಂದೇ ಅರ್ಜಿ. ಇನ್ನೊಂದು ಸೀಟು ಖಾಲಿ ಉಳಿಯಿತು.

ಪ್ಲಾಸ್ಟರಮ್ಮ ಲ್ಯಾಬಿಗೆ ಹೋಗುವ ದಾರಿಯಲ್ಲಿ ಮೂಳೆ ವಿಭಾಗದ ಮುಖ್ಯಸ್ಥರು ಎದುರಾದರು.

"ಏನಮ್ಮ, ನೀನು ಬರ್ತೀಯ ಅಂತ ಕಾಯ್ತಿದ್ದೆ. ಅರ್ಜೀನೇ ಇಲ್ಲ."

"ಸಿಗಲ್ಲ ಅಂತ ಗೊತ್ತಾಯ್ತು, ಸರ್."

"ಯಾರು ಹೇಳಿದ್ರು?"

ಕ್ಯಾಂಟೀನಿನ ಮೇಜು ಎನ್ನಲು ಅವಳಿಗೆ ನಾಚಿಕೆಯಾಯಿತು. "ನಾನೇ ಅಂದ್ಕೊಂಡೆ, ಸರ್."

"ಅವತ್ತು ಮುದುಕನ ಹತ್ರ ಆ ಹುಡುಗನಿಗೆ ಏನಂದೆ, ನೆನಪಿದೆಯಾ?"

ನೆನಪಿತ್ತು. "ಕಪ್ಪು ಚೀಟಿ ಕಟ್ಟೋಕೆ ನೀನ್ಯಾರಪ್ಪ ಅಂದೆ."

"ಹ್ಞೂಂ," ಎಂದರು ಮುಖ್ಯಸ್ಥರು. "ಬೇಡ ಅನ್ನೋ ಕೆಲಸ ನಮ್ಮದಿತ್ತು. ಅದನ್ನೂ ನೀನೇ ಮಾಡಿ ಮುಗಿಸ್ದೆ." ವಾರ್ಡಿನ ಕಡೆ ನಡೆದರು.

ಅವರ ಹಿಂದೆಯೇ ಕಣ್ಣುಜ್ಜಿಕೊಳ್ಳುತ್ತ ಕುಂಭಕರ್ಣ ಬರುತ್ತಿದ್ದ. ಕೈಯಲ್ಲಿ ಪ್ಲಾಸ್ಟರಿನ ಸುರುಳಿ. ಅವಳನ್ನು ಕಂಡು ಅವನ ಮುಖ ಅರಳಿತು.

"ಪ್ಲಾಸ್ಟರಮ್ಮ, ಒಳ್ಳೇ ಹೊತ್ತಿಗೆ ಸಿಕ್ದೆ. ಇದನ್ನ ಮುಂಗೈ ಕಡೆಯಿಂದ ಸುತ್ತೋದಾ, ಮೊಣಕೈ ಕಡೆಯಿಂದ್ಲಾ?"

"ಮುಂಗೈ ಕಡೆಯಿಂದ," ಎಂದಳು. "ಜಾಸ್ತಿ ಬಿಗಿ ಮಾಡ್ಬೇಡ."

ಅವನು ತಲೆಯಾಡಿಸಿ ಓಡಿದ. ಅವಳು ಜೇಬಿನೊಳಗೆ ಕೈ ಹಾಕಿ, ಹಳೆಯ ಪುಡಿಯನ್ನು ಬೆರಳಲ್ಲಿ ಉಜ್ಜುತ್ತ, ಲ್ಯಾಬಿನ ಮೆಟ್ಟಿಲು ಇಳಿದಳು.